ತಾಲ್ಲೂಕು ಕಚೇರಿ ಊರಮ್ಮನ ಹೆಸರಿಗಾದದ್ದು

ನಮ್ಮ ಕಡೆ ಈ ಸಂಗತಿಯನ್ನು ಹೇಳುವ ರೀತಿಯೇ ತಪ್ಪು. ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ಕೇಳಿ, ಕೊಟ್ಟೂರಿನ ಮಿರ್ಚಿ ಅಂಗಡಿಯಲ್ಲಿ ಕೇಳಿ, ಹೊಳಲಿನಿಂದ ಹಡಗಲಿಗೆ ಬರುವ ಟೆಂಪೋದಲ್ಲಿ ಕೇಳಿ, ಎಲ್ಲರದೂ ಒಂದೇ ಪಾಠ: "ಮಾನೌಮಿ ದಿನ ಊರಮ್ಮ ತಾನ ಕಂಪ್ಯೂಟರ್‌ದಾಗ ಹೊಕ್ಕು, ತಾಲ್ಲೂಕು ಆಫೀಸಿನ ಜಾಗ ತನ್ನ ಹೆಸರಿಗೆ ಮಾಡಿಕ್ಯಂಡ್ಲು." ಹೇಳುವವರ ಕಣ್ಣು ಅಗಲವಾಗುತ್ತದೆ, ಕೇಳುವವರು ಕೆನ್ನೆ ಬಡಿದುಕೊಳ್ಳುತ್ತಾರೆ. ನಾನು ಟೆಂಪೋದಲ್ಲೇ ಕೈ ಎತ್ತುತ್ತೇನೆ.

ಇದನ್ನು ಒಪ್ಪಲು ಬರುವುದಿಲ್ಲ. ನಾನು ದೇವರನ್ನು ನಂಬುವುದಿಲ್ಲ ಎಂಬ ಕಾರಣಕ್ಕಲ್ಲ, ನಂಬಿದರೂ ಬರುವುದಿಲ್ಲ. ಇಡೀ ಊರೇ ತನ್ನದಾಗಿರುವ ದೇವರು ಬಂದು ಹದಿನಾಲ್ಕು ಗುಂಟೆಗೆ ಕೈ ಹಾಕುತ್ತಾಳೆಯೇ? ಸರಿ, ಹಾಕಿದಳು ಎಂದೇ ಇಟ್ಟುಕೊಳ್ಳೋಣ. ಪಹಣಿಯಲ್ಲಿ ಇದ್ದದ್ದು "ಊರಮ್ಮ ಕೋಂ ಈಶ್ವರ" ಎಂದು. ಅಂದರೆ ಈಶ್ವರನ ಹೆಂಡತಿ ಊರಮ್ಮ. ಊರಿಗೆ ಊರೇ ಅಡ್ಡಬೀಳುವ ಹೆಣ್ಣುದೇವರು ತನ್ನ ಆಸ್ತಿಯ ಕಾಗದದಲ್ಲಿ ಗಂಡನ ಹೆಸರು ಸೇರಿಸಿಕೊಂಡಳು ಎನ್ನುವುದನ್ನು ನಾನು ಖಡಾಖಂಡಿತವಾಗಿ ಅಲ್ಲಗಳೆಯುತ್ತೇನೆ. ಅದನ್ನು ಬರೆದದ್ದು ಮನುಷ್ಯರು. ಗಂಡನದೋ ತಂದೆಯದೋ ಹೆಸರು ತುಂಬದಿದ್ದರೆ ಆ ಪರದೆ ಮುಂದಕ್ಕೆ ಹೋಗುವುದಿಲ್ಲ ಎಂದು ಗೊತ್ತಿದ್ದ ಮನುಷ್ಯರು.

ಯಾವ ತಾಲ್ಲೂಕು ಎಂದು ಮಾತ್ರ ಕೇಳಬೇಡಿ. ಈ ಸೀಮೆಯ ಪ್ರತಿಯೊಂದು ಕಚೇರಿಯೂ "ಅದು ಬಾಜೂ ತಾಲ್ಲೂಕಿಂದು" ಎಂದು ಬೆರಳು ತೋರಿಸುತ್ತದೆ. ಆ ಅನುಕೂಲ ಅವರಿಗೆ ಇರಲಿ.

ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು. ಶಾನುಭೋಗರ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂದ ಹೊಸತು. ನಾನು ಬಿ.ಎ. ಎರಡನೇ ವರ್ಷ, ಓದಿಗಿಂತ ಚರ್ಚಾಸ್ಪರ್ಧೆಗೆ ಹೆಸರಾದವಳು. ಮನೆಯಲ್ಲಿ ಯಾರಾದರೂ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಎಂದರೆ ನಾನು ಪರವೋ ವಿರೋಧವೋ ಎಂದು ಮೊದಲು ತೀರ್ಮಾನಿಸಿ ಆಮೇಲೆ ತುತ್ತು ಬಾಯಿಗಿಡುವಷ್ಟು ಹದಗೆಟ್ಟಿದ್ದೆ. ದಸರಾ ಮುಗಿದ ವಾರವೇ ಹಡಗಲಿಯಲ್ಲಿ ಅಂತರಕಾಲೇಜು ಸ್ಪರ್ಧೆ. ವಿಷಯ: ಗಣಕೀಕರಣದಿಂದ ಆಡಳಿತ ಶುದ್ಧವಾಗುತ್ತದೆ. ನಾನು ಪರ.

ಆಧಾರ ಬೇಕಿತ್ತು. ಆಧಾರ ಮನೆಯಲ್ಲೇ ಇತ್ತು. ದೊಡ್ಡಮ್ಮನ ಮಗಳು, ನನ್ನ ಅಕ್ಕ, ತಾಲ್ಲೂಕು ಕಚೇರಿಯಲ್ಲಿ ಪಹಣಿ ತೆಗೆದುಕೊಡುವ ಆಪರೇಟರ್. ಗುತ್ತಿಗೆಯ ಕೆಲಸ, ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ಅವಳ ಕಾಗದ ಹೊಸದಾಗಬೇಕು. ಹರಪನಹಳ್ಳಿ ಕಡೆಯ ಅಕ್ಕಿ ಗಿರಣಿಯ ವರನೊಬ್ಬ ಎರಡು ವರ್ಷದಿಂದ ಅವಳಿಗಾಗಿ ಕಾಯುತ್ತಿದ್ದ. ಅಕ್ಕನಿಗೆ ಅವನು ಬೇಡ. "ಕೆಲಸ ಇರೋತನಕ ಮದುವಿ ಮಾತು ಬ್ಯಾಡ" ಎಂದು ಅವನನ್ನೂ ದೊಡ್ಡಪ್ಪನನ್ನೂ ಒಂದೇ ವಾಕ್ಯದಲ್ಲಿ ತಡೆದು ನಿಲ್ಲಿಸಿದ್ದಳು. ಕೆಲಸ ಹೋದರೆ ವಾಕ್ಯವೂ ಹೋಗುತ್ತದೆ, ವರ ಒಳಗೆ ಬರುತ್ತಾನೆ. ಇದು ನಮ್ಮಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ಬನ್ನಿ ಹಬ್ಬದ ಮರುದಿನ ಬೆಳಿಗ್ಗೆ ಹೋದೆ. ಕಚೇರಿಯಲ್ಲಿ ಇನ್ನೂ ಜನವಿರಲಿಲ್ಲ. ಕಂಪ್ಯೂಟರಿನ ಹಣೆಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಕೊರಳಿಗೆ ಒಣಗಿದ ಚೆಂಡುಹೂವಿನ ಹಾರ. ಅಕ್ಕ ಕೀಬೋರ್ಡಿನ ಸಂದಿಯಿಂದ ಬನ್ನಿ ಎಲೆಗಳನ್ನು ಸೇಫ್ಟಿ ಪಿನ್ನಿನಿಂದ ಕೀಳುತ್ತಿದ್ದಳು.

"ಅಕ್ಕಾ, ನಿಮ್ಮ ಆಫೀಸಿನ ಜಾಗದ್ದ ಒಂದು ಪಹಣಿ ತಗದುಕೊಡು. ಸಭಾದಾಗ ಎತ್ತಿ ತೋರಸ್ತೀನಿ, ನೋಡ್ರಪ್ಪಾ, ಸರ್ಕಾರದ ಜಾಗ ಸರ್ಕಾರದ ಹೆಸರಿಗೇ ಐತಿ, ಕಂಪ್ಯೂಟರ್ ಸುಳ್ಳು ಹೇಳಂಗಿಲ್ಲ ಅಂತ."

"ನಿನಗ ಬ್ಯಾರೆ ಕೆಲಸ ಇಲ್ಲೇನ ಲೇ?" ಎಂದಳು, ತೆಗೆದಳು. ಪ್ರಿಂಟರ್ ಕರ್ರೋ ಎಂದಿತು. ನಾನು ವೇದಿಕೆಯ ಧ್ವನಿಯಲ್ಲಿ ಓದತೊಡಗಿದೆ. ಸರ್ವೆ ನಂಬರು, ವಿಸ್ತೀರ್ಣ, ಸ್ವಾಧೀನದಾರರು: ಊರಮ್ಮ ಕೋಂ ಈಶ್ವರ.

ನನಗೆ ನಗು ಬಂತು. ಸಣ್ಣ ನಗುವಲ್ಲ; ಕುರ್ಚಿ ಹಿಡಿದುಕೊಳ್ಳುವಂಥ ನಗು. ಕಿಟಕಿಯ ಹೊರಗೆ ಬೇವಿನ ಗಿಡ, ಗಿಡದ ಬುಡಕ್ಕೆ ಕಟ್ಟೆ, ಕಟ್ಟೆಯ ಮೇಲೆ ಬೆಳ್ಳಿಯ ಕಣ್ಣು ಮೆತ್ತಿದ ಊರಮ್ಮನ ಕಲ್ಲು. ಹೊಸ ತಹಸೀಲ್ದಾರರು ಜೀಪಿಗೆ ಶೆಡ್ಡು ಕಟ್ಟಿಸಲು ಆ ಕಟ್ಟೆಯನ್ನು ತೆಗೆಸುವುದಾಗಿ ಹೇಳಿ ತಿಂಗಳಾಗಿತ್ತು. ಈಗ ನೋಡಿದರೆ ತಹಸೀಲ್ದಾರರೇ ಆಕೆಯ ಬಾಡಿಗೆದಾರರು!

ಅಕ್ಕ ನಗಲಿಲ್ಲ. "ಯಾವನು ಮಾಡಿದ್ದು ಇದನ್ನ?" ಎಂದಳು. ಆಮೇಲೆ ಮೆಲ್ಲಗೆ, "ನನ್ನ ಕಡೀಗೇ ಬರತೈತಿ ಇದು. ಹರದು ಹಾಕು. ಸುಮ್ನ ಇದ್ದುಬಿಡೋಣ."

"ಇರಾಕ ಬರಂಗಿಲ್ಲ," ಎಂದೆ. ಈ ಜಾಗದಲ್ಲಿ ನಾನು ನಿಜವಾಗಿ ಚೆನ್ನಾಗಿ ವಾದಿಸಿದೆ. ಹಡಗಲಿಯಲ್ಲಿಯೂ ಅಷ್ಟು ಚೆನ್ನಾಗಿ ವಾದಿಸಲಿಲ್ಲ. "ಶೆಡ್ಡು ಕಟ್ಟಾಕ ಇದೇ ಪಹಣಿ ತಗೀತಾರಿಲ್ಲ? ಅವತ್ತು ಸಿಕ್ಕರ ನೀನು ಕಳ್ಳಿ. ಇವತ್ತು ನೀನ ಹೋಗಿ ಹೇಳಿದರ ಕಳ್ಳತನ ಹಿಡಿದಾಕಿ. ಹಿಡಿದಾಕಿನ್ನ ಕೆಲಸದಿಂದ ತಗಿಯಾಕ ಬರಂಗಿಲ್ಲ."

"ಬರತೈತಿ. ನಮ್ಮ ಆಫೀಸ್ ನಿನಗ ಗೊತ್ತಿಲ್ಲ."

ಆದರೂ ಎದ್ದಳು.

ಶಿರಸ್ತೇದಾರರ ಕೋಣೆ ಪಕ್ಕದ್ದೇ. ನಿವೃತ್ತಿಗೆ ಹತ್ತಿರವಾದ, ಮೆತ್ತನೆಯ ಮನುಷ್ಯ. ಪಹಣಿ ತಿದ್ದುವ ಪರದೆ ತೆರೆಯುತ್ತಿದ್ದದ್ದು ಅವರ ಹೆಬ್ಬೆಟ್ಟಿಗೆ ಮಾತ್ರ. ಪುಟ್ಟ ಗಾಜಿನ ಮೇಲೆ ಅವರು ಬೆರಳಿಟ್ಟರೆ ಯಂತ್ರ ಗುರುತು ಹಿಡಿಯುತ್ತಿತ್ತು. ಓದು ಬಾರದ ಜವಾನ ಮಾಮ ನಾಲಿಗೆ ಕಚ್ಚಿ ಸಹಿ ಹಾಕುವುದು, ಓದಿದ ಶಿರಸ್ತೇದಾರರು ಹೆಬ್ಬೆಟ್ಟು ಒತ್ತುವುದು ಆ ಕಚೇರಿಯ ಹೊಸ ನ್ಯಾಯವಾಗಿತ್ತು.

ಅವರು ಕಾಗದವನ್ನು ಕನ್ನಡಕದ ಮೇಲಿನಿಂದ ಒಮ್ಮೆ, ಒಳಗಿನಿಂದ ಒಮ್ಮೆ ನೋಡಿದರು. "ಅಬಾಬಾ" ಎಂದರು. ಕಾಗದವನ್ನು ಮೇಜಿನ ಮೇಲಿಟ್ಟು ಅದಕ್ಕೂ ಕೈಮುಗಿದರು.

"ಅಳಸಿಬಿಡ್ರಿ ಸಾಹೇಬ್ರ," ಎಂದಳು ಅಕ್ಕ. "ನಿಮ್ಮ ಹೆಬ್ಬೆಟ್ಟು ಕೊಟ್ಟರ ಒಂದು ನಿಮಿಷದ ಕೆಲಸ. ಆಮ್ಯಾಲೆ ರಿಪೋರ್ಟ್ ಕೊಡೋಣ."

"ಯವ್ವಾ ತಂಗಿ, ಬನ್ನಿ ಕೊಟ್ಟು ಇನ್ನೂ ಒಂದಿನ ಆಗಿಲ್ಲ. ಅಮ್ಮನ ಹೆಸರು ಅಳಸಾಕ ನನ್ನ ಬೆಟ್ಟು ಕೊಡು ಅಂತೀಯಲ್ಲ."

"ಹೆಸರು ಅಳಸಿದರ ಅಮ್ಮ ಅಳಸಿದಂಗ ಹೆಂಗ ಆಗತೈತ್ರಿ?" ಎಂದು ನಾನು ಬಾಯಿ ಹಾಕಿದೆ. "ನಿಮ್ಮ ಹೆಸರು ಕಡತದಾಗ ತಪ್ಪು ಬಿದ್ದು ಅಳಸಿದರ ನೀವು ಸಾಯ್ತೀರೇನು?"

"ಥೂ, ಬಿಡ್ತು ಅನ್ನವಾ! ಯಾರೀ ವಕೀಲಮ್ಮ?"

"ನಮ್ಮ ಚಿಗವ್ವನ ಮಗಳ್ರಿ. ಡಿಬೇಟ್ ಮಾಡ್ತಾಳ."

"ಕಾಣತೈತಿ."

ಆಗ ಜವಾನ ಮಾಮ ಬಾಗಿಲಲ್ಲಿ ನಿಂತು ಪರಿಹಾರ ಸೂಚಿಸಿದ. ಹೂ ಕೇಳೋಣ. ದೇವರ ಮೂರ್ತಿಗೆ ಹೂ ಅಂಟಿಸಿ ಪ್ರಶ್ನೆ ಕೇಳುವುದು ನಮ್ಮ ಕಡೆ ಎಲ್ಲ ಕಡೆಯೂ ಇದೆ: ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಆದರೆ ಮಾಮ ಕಟ್ಟೆಯ ಕಡೆ ಹೋಗಲಿಲ್ಲ. ಹೆಸರು ಇರುವುದು ಕಂಪ್ಯೂಟರಿನಲ್ಲಿ, ಆದ್ದರಿಂದ ಕೇಳಬೇಕಾದ್ದೂ ಅಲ್ಲೇ ಎಂಬುದು ಅವನ ತರ್ಕ. ತರ್ಕದಲ್ಲಿ ನನಗೆ ತಪ್ಪು ಸಿಗಲಿಲ್ಲ. ನಮ್ಮನ್ನೆಲ್ಲ ಅಕ್ಕನ ಕೋಣೆಗೆ ಕರೆದೊಯ್ದು, ಒದ್ದೆ ಮಾಡಿದ ಎರಡು ದಾಸವಾಳದ ದಳಗಳನ್ನು ಮಾನಿಟರಿನ ನೆತ್ತಿಗೆ ಅಂಟಿಸಿದ. ನಾವು ನಾಲ್ವರೂ ಉಸಿರು ಬಿಗಿಹಿಡಿದು ಕಾದೆವು. ನಾನೂ ಬಿಗಿಹಿಡಿದಿದ್ದೆ. ಇದನ್ನು ಒಪ್ಪಿಕೊಳ್ಳುವುದು ನನಗೆ ಇಷ್ಟವಿಲ್ಲ, ಆದರೆ ಹಿಡಿದಿದ್ದೆ.

ಎಡಗಡೆಯ ದಳ ಬಿತ್ತು.

"ಆತಲ್ಲ," ಎಂದರು ಶಿರಸ್ತೇದಾರರು, ಎದೆ ಹಗುರಾದವರಂತೆ.

"ಇದು ಮೋಸ! ಎಡಕ್ಕ ಫ್ಯಾನ್ ಗಾಳಿ ಬೀಸತೈತಿ. ಫ್ಯಾನ್ ಬಂದ್ ಮಾಡಿ ಮತ್ತ ಕೇಳ್ರಿ."

"ದ್ಯಾವ್ರಿಗೆ ಎರಡ ಸಲ ಕೇಳ್ತಾರೇನ ಯವ್ವಾ?" ಎಂದ ಮಾಮ. "ಪರೀಕ್ಷಿ ಅಂದುಕೊಂಡೀಯೇನು ಸಪ್ಲಿಮೆಂಟರಿ ಬರಿಯಾಕ?"

ನಾನು ಸೋತ ಅಪರೂಪದ ವಾದಗಳಲ್ಲಿ ಅದೊಂದು.

ಅಳಿಸುವುದು ಆಗದಿದ್ದರೆ ತಿಳಿಸುವುದಾದರೂ ಆಗಲಿ ಎಂದು ಅಕ್ಕ ಯಂತ್ರದೊಳಗಿನ ದಿನಚರಿ ತೆಗೆದಳು. ಯಾರ ಬೆಟ್ಟಿನಿಂದ, ಯಾವ ಹೊತ್ತಿಗೆ, ಏನು ತಿದ್ದಲಾಯಿತು ಎಂದು ಅದು ತಾನಾಗಿ ಬರೆದಿಟ್ಟುಕೊಳ್ಳುತ್ತದೆ. ಮಾನೌಮಿಯ ದಿನ, ಅಂದರೆ ಆಯುಧಪೂಜೆಯಂದು, ಮಧ್ಯಾಹ್ನ ಮೂರು ಗಂಟೆ ದಾಟಿ ಹತ್ತು ನಿಮಿಷ. ಬೆಟ್ಟು ಶಿರಸ್ತೇದಾರರದು.

"ಅವತ್ತು ಆಫೀಸಿಗೆ ಸೂಟಿ ಅಲ್ಲೇನು?" ಎಂದೆ.

"ಸೂಟಿ. ಆದರ ಪೂಜಿ ಇತ್ತಲ್ಲ," ಎಂದ ಮಾಮ. ಎಲ್ಲ ಅಲ್ಲಿಂದ ಬಿಚ್ಚಿಕೊಂಡಿತು. ಪೂಜೆಗೆ ಎಲ್ಲರೂ ಬೆಳಿಗ್ಗೆ ಬಂದಿದ್ದರು. ಪರದೆ ಕಪ್ಪಗಿತ್ತು. ಕಣ್ಣು ಮುಚ್ಚಿದ ದೇವರಿಗೆ ಆರತಿ ಎತ್ತುವುದುಂಟೇ? ಶಿರಸ್ತೇದಾರರು ಬೆಟ್ಟು ಕೊಟ್ಟು ಯಂತ್ರದ ಕಣ್ಣು ತೆರೆಸಿದರು. ಆರತಿಯಾಯಿತು, ಕಾಯಿ ಒಡೆಯಿತು. ಆಮೇಲೆ ಆರಿಸಬೇಕಲ್ಲ? ಹಬ್ಬದಲ್ಲಿ ಹಚ್ಚಿದ ದೀಪವನ್ನು ಯಾರು ಆರಿಸುತ್ತಾರೆ! ಆಯುಧವನ್ನು ಪೂಜೆಗೆ ಕೂರಿಸಿದ ಮೇಲೆ ಬನ್ನಿ ಮುಡಿಯುವ ತನಕ ಎತ್ತುವ ಹಾಗಿಲ್ಲ. ಹಾಗಾಗಿ ಶಿರಸ್ತೇದಾರರ ಬೆಟ್ಟಿನಿಂದ ತೆರೆದ, ತಿದ್ದುಪಡಿಗೆ ಸಿದ್ಧವಾದ ಪರದೆ, ಹಾರ ಹಾಕಿಕೊಂಡು, ಬಾಗಿಲು ತೆರೆದ ಕೋಣೆಯಲ್ಲಿ ದಿನವಿಡೀ ಬೆಳಗುತ್ತ ಕೂತಿತ್ತು. ಮಾಮ ಮಂಡಕ್ಕಿ-ಬೆಲ್ಲದ ಪುಟ್ಟಿ ಇಟ್ಟುಕೊಂಡು ಬಾಗಿಲಲ್ಲಿದ್ದ.

"ಆದರ ಹತ್ತು ನಿಮಿಷ ಯಾರೂ ಮುಟ್ಟದಿದ್ದರ ಅದು ತಾನ ಮುಚ್ಚಿಕೊಳ್ಳತೈತಿ," ಎಂದಳು ಅಕ್ಕ, ಆಸೆಯಿಂದ. "ಮಾಮಾ, ಯಾರರ ಕೀಬೋರ್ಡ್ ಮುಟ್ಟಿದ್ರೇನು?"

"ಮುಟ್ಟಲಾರದ ಹೆಂಗಿರ್ತಾರ? ಊರ ಮಂದೆಲ್ಲಾ ಕಂಪ್ಯೂಟರ್ ದ್ಯಾವ್ರ ನೋಡಾಕ ಬಂದಿದ್ರು. ಎಲ್ಲಾರೂ ಮುಟ್ಟಿ ಮುಟ್ಟಿ ಕಣ್ಣಿಗೆ ಒತ್ತಿಕ್ಯಂಡ್ರು."

ನಾನು ನೆಲದ ಮೇಲೆ ಕುಳಿತೇಬಿಟ್ಟೆ. ಮಲಗಲು ಹೋಗುವ ಯಂತ್ರವನ್ನು ಹತ್ತು ನಿಮಿಷಕ್ಕೊಬ್ಬ ಭಕ್ತ ಮುಟ್ಟಿ ಎಬ್ಬಿಸಿದ್ದ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಈ ಸಲ ಅಕ್ಕನೂ ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. ಅದರಲ್ಲಿ ಎಷ್ಟು ನಗುವಿನದು, ಎಷ್ಟು ಗಿರಣಿಯವನದು ಎಂದು ನಾನು ಕೇಳಲಿಲ್ಲ.

ಜಿಲ್ಲಾ ಕಚೇರಿಯ ಕಂಪ್ಯೂಟರ್ ವಿಭಾಗಕ್ಕೆ ಫೋನು ಮಾಡಬೇಕಾಯಿತು. ಎತ್ತಿಕೊಂಡವನು ಚಿಕ್ಕ ವಯಸ್ಸಿನವನಂತಿದ್ದ. ನಾನು ರಿಸೀವರಿಗೆ ಇನ್ನೊಂದು ಕಡೆಯಿಂದ ಕಿವಿ ಹಚ್ಚಿದ್ದೆ.

"ವೈರಸ್ ಇರ್ಬೇಕು ಮೇಡಂ. ಫ್ಲಾಪಿ ಹಾಕಿದ್ರಾ?"

"ಇಲ್ಲರಿ."

"ಹೊರಗಿನವ್ರು ಯಾರಾದ್ರೂ ಮುಟ್ಟಿದ್ರಾ?"

"ಹ್ಞೂಂರಿ. ಊರ ಮಂದಿ."

"ಊರ ಮಂದಿ ಅಂದ್ರೆ ಯಾರು? ಹೆಸ್ರು ಹೇಳಿ."

"ಎಲ್ಲಾರೂರಿ. ಮುಟ್ಟಿ ಕಣ್ಣಿಗೆ ಒತ್ತಿಕ್ಯಂಡ್ರು."

"ಏನನ್ನ?"

"ಕೀಬೋರ್ಡ್‌ರಿ."

ಫೋನಿನಲ್ಲಿ ಏನೋ ಬಿದ್ದಂತಾಯಿತು, ಬಹುಶಃ ಅವನೇ. ಮತ್ತೆ ಬಂದಾಗ ದನಿಯನ್ನು ಗಟ್ಟಿ ಮಾಡಿಕೊಂಡಿದ್ದ. ಇವತ್ತೇ ತಹಸೀಲ್ದಾರರ ಸಹಿಯೊಂದಿಗೆ ಲಿಖಿತ ವರದಿ ಬರಬೇಕು. ಪರದೆ ತೆರೆದಿಟ್ಟವರು ಯಾರು ಎಂದು ಅದರಲ್ಲಿ ಸ್ಪಷ್ಟವಾಗಿರಬೇಕು. ಆಮೇಲೆ ಶಿರಸ್ತೇದಾರರ ಬೆಟ್ಟಿನಿಂದಲೇ ಹಳೆಯ ಹೆಸರು ಹಾಕಿಸಬೇಕು. "ಬೇಜವಾಬ್ದಾರಿ ಆಪರೇಟರದ್ದಾದ್ರೆ ಗುತ್ತಿಗೆ ರದ್ದು ಮಾಡ್ತಾರೆ ಮೇಡಂ, ನೋಡ್ಕೊಂಡು ಬರೀರಿ," ಎಂದ. ಮೇಡಂ ಎಂದದ್ದು ಆಪರೇಟರಿಗೇ ಎಂದು ಅವನಿಗೆ ತಿಳಿದಿರಲಿಲ್ಲ.

ವರದಿಯನ್ನು ನಾನು ಬರೆದೆ. ವಿಷಯ, ಉಲ್ಲೇಖ, ಮಾನ್ಯರೇ, ಎಲ್ಲ ಕ್ರಮವಾಗಿ. ಪೂಜೆಯಿಂದ ಹಿಡಿದು ಮಂಡಕ್ಕಿಯ ತನಕ ಒಂದನ್ನೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಹಸೀಲ್ದಾರರು ಬಂದರು. ಮೈಸೂರು ಕಡೆಯವರು. ಓದುತ್ತ ಓದುತ್ತ ಮುಖ ಕೆಂಪಗಾಯಿತು.

"ಏನಮ್ಮಾ ಇದು? ಯಾರ್ರೀ ಮಾಡಿದ್ದು ಈ ಕೆಲ್ಸ? ಪೂಜೆ, ಆರತಿ, ಕಾಯಿ... ಸರ್ಕಾರಿ ವರದಿನೋ ಪಂಚಾಂಗನೋ? ಪೂಜೆ ಭಾಗ ತೆಗೀರಿ. 'ನಿರ್ವಾಹಕರ ಅಜಾಗರೂಕತೆಯಿಂದ' ಅಂತ ಒಂದ್ ಸಾಲು ಬರ್ದು ಮುಗ್ಸಿ."

ಅಕ್ಕ ಸೆರಗು ಹಿಡಿದುಕೊಂಡಳು. ನಿರ್ವಾಹಕರು ಎಂದರೆ ಅವಳೇ.

"ಸರ್, ಪೂಜಿ ತಗದರ ಅಕ್ಕ ಒಬ್ಬಾಕಿ ಉಳೀತಾಳ," ಎಂದೆ ನಾನು. "ಅಂದರ ವರದಿದಾಗ ಉಳೀತಾಳ, ಕೆಲಸದಾಗ ಉಳಿಯಂಗಿಲ್ಲ. ಪೂಜಿಗೆ ನೀವೂ ಇದ್ರಿ. ಆರತಿ ತಟ್ಟಿ ಹಿಡಿದ ನಿಮ್ಮ ಫೋಟೋ ಹೊರಗ ನೋಟೀಸ್ ಬೋರ್ಡಿನ ಮ್ಯಾಲೆ ಐತಿ. ಬೇಜವಾಬ್ದಾರಿ ಅನ್ನೋದಾದರ ಆ ಫೋಟೋದಾಗ ಇದ್ದೋರೆಲ್ಲಾರ ಹೆಸರೂ ಬರೀತೀನಿ. ಅಕ್ಕ ಅದರಾಗ ಇಲ್ಲ. ಆಕಿ ಫೋಟೋ ತಗದಾಕಿ."

ಜವಾನ ಮಾಮ ಬಾಗಿಲ ಹಿಂದೆ ಕೆಮ್ಮಿದ. ತಹಸೀಲ್ದಾರರು ನನ್ನನ್ನು ನೋಡಿದರು, ನೋಟೀಸ್ ಬೋರ್ಡಿನ ದಿಕ್ಕಿಗೆ ನೋಡಿದರು. ಆಗ ಅಲ್ಲಿಯ ತನಕ ಗೋಡೆಗೆ ಆತು ನಿಂತಿದ್ದ ಶಿರಸ್ತೇದಾರರು ಮುಂದೆ ಬಂದರು.

"ಸರ್, ಆ ಹುಡುಗಿ ಕೀಬೋರ್ಡ್ ಮುಟ್ಟಿಲ್ಲ. ನಾ ಬರದು ಕೊಡ್ತೀನಿ. ಬೆಟ್ಟು ನಂದು, ತೆರದಿಟ್ಟಾಂವ ನಾನು. ಬರೀರಿ."

ತಹಸೀಲ್ದಾರರು ಕುರ್ಚಿ ಎಳೆದು ಕೂತರು. ಆಮೇಲೆ ಒಂದು ಗಂಟೆ ಕಾಲ ನಾಲ್ಕು ಜನ ಸೇರಿ ಪೂಜೆ ಎನ್ನದೆ ಪೂಜೆ ಎನ್ನುವ ಒಂದು ಮಾತಿಗಾಗಿ ತಡಕಾಡಿದೆವು. 'ಸ್ವಚ್ಛತಾ ಕಾರ್ಯ' ಎಂದೆವು, ಕುಂಕುಮ ನೆನಪಾಗಿ ಬಿಟ್ಟೆವು. 'ಸಾರ್ವಜನಿಕ ವೀಕ್ಷಣೆ' ತಹಸೀಲ್ದಾರರಿಗೆ ಹಿಡಿಸಲಿಲ್ಲ. ಕೊನೆಗೆ ಅಕ್ಕನೇ ಹೇಳಿದ ಮಾತು ನಿಂತಿತು: "ಗಣಕಯಂತ್ರವು ವಾರ್ಷಿಕ ಸಾಂಪ್ರದಾಯಿಕ ನಿರ್ವಹಣೆಯಲ್ಲಿದ್ದ ಸಮಯದಲ್ಲಿ, ಅಧಿಕಾರಿಗಳ ಸಮಕ್ಷಮ ತೆರೆಯಲಾಗಿದ್ದ ಪರದೆಯಲ್ಲಿ, ಅಪರಿಚಿತರಿಂದ ಅನಧಿಕೃತ ತಿದ್ದುಪಡಿ ಆಗಿರುತ್ತದೆ. ಸದರಿ ಲೋಪವನ್ನು ನಿರ್ವಾಹಕರೇ ಪತ್ತೆ ಹಚ್ಚಿ ವರದಿ ಮಾಡಿರುತ್ತಾರೆ." ಸಹಿ ಬಿತ್ತು. ಸಂಜೆಯ ಬಸ್ಸಿಗೆ ಲಕೋಟೆ ಹೋಯಿತು.

ಅಳಿಸುವ ಕೆಲಸ ಮರುದಿನ. ಶಿರಸ್ತೇದಾರರು ಮೊದಲು ಕಟ್ಟೆಗೆ ಹೋಗಿ ಕಾಯಿ ಒಡೆದು ಬಂದರು. ಗಾಜಿನ ಮೇಲೆ ಬೆಟ್ಟು ಇಟ್ಟರು, ಯಂತ್ರ ಒಪ್ಪಲಿಲ್ಲ. ಮತ್ತೆ ಇಟ್ಟರು; ಒಪ್ಪಲಿಲ್ಲ. ಜವಾನ ಮಾಮ "ನಾ ಹೇಳಲಿಲ್ಲೇನು" ಎಂದು ಕೆನ್ನೆ ಬಡಿದುಕೊಂಡ. ಅಕ್ಕ ಗಾಜಿನ ಮೇಲಿನ ಕುಂಕುಮವನ್ನು ಹತ್ತಿಯಿಂದ ಒರೆಸಿದಳು. ಒಪ್ಪಿತು. ಶಿರಸ್ತೇದಾರರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು, ಅಕ್ಕ 'ಸರ್ಕಾರ' ಎಂದು ಒತ್ತಿದಳು. ಇಷ್ಟೇ. ಊರಮ್ಮನ ಒಡೆತನ ನಾಲ್ಕು ದಿನವೂ ತುಂಬಲಿಲ್ಲ.

ಆದರೆ ಕಟ್ಟೆ ಇನ್ನೂ ಇದೆ. ಸುದ್ದಿ ಉಜ್ಜಿನಿಯಿಂದ ಉಚ್ಚಂಗಿದುರ್ಗದ ತನಕ ಹೋಗಿತ್ತು. ಅದಕ್ಕೆ ಹಾರೆ ಹಾಕುತ್ತೇನೆ ಎನ್ನುವ ಒಬ್ಬ ಗೌಂಡಿಯೂ ಸಿಗಲಿಲ್ಲ. ತಹಸೀಲ್ದಾರರು ಜೀಪನ್ನು ಬಿಸಿಲಿನಲ್ಲೇ ನಿಲ್ಲಿಸುವುದನ್ನು ಕಲಿತರು. ಹಡಗಲಿಯಲ್ಲಿ ನಾನು ಗಣಕೀಕರಣದ ಪರವಾಗಿ ಮಾತಾಡಿ ಮೊದಲ ಬಹುಮಾನ ತಂದೆ. ಆ ಪಹಣಿ ಚೀಲದಲ್ಲಿ ಮಡಚಿಕೊಂಡೇ ಇತ್ತು, ಎತ್ತಿ ತೋರಿಸಲಿಲ್ಲ. ಗೆಲ್ಲುವುದಕ್ಕೂ ನಂಬುವುದಕ್ಕೂ ಸಂಬಂಧವಿಲ್ಲ ಎಂದು ತಿಳಿದದ್ದು ಆ ವೇದಿಕೆಯ ಮೇಲೆ.

ದೀಪಾವಳಿಗೆ ಎರಡು ದಿನ ಇರುವಾಗ ಅಕ್ಕನ ಗುತ್ತಿಗೆ ಕಾಗದ ಬಂತು. ಅದನ್ನು ತರಲು ಅವಳ ಜೊತೆ ಕಚೇರಿಗೆ ನಾನೂ ಹೋದೆ. ಗಿರಣಿಯವನು ಆ ವಾರ ದೊಡ್ಡಪ್ಪನ ಮನೆಗೆ ಎರಡು ಸಲ ಬಂದು ಚಹಾ ಕುಡಿದಿದ್ದ. ಜಿಲ್ಲೆಯಿಂದ ಒಂದು ಪ್ರಶ್ನೆ ಬಂದಿತ್ತಂತೆ, ಆಪರೇಟರನ್ನು ಮುಂದುವರಿಸಬಹುದೇ ಎಂದು. ಅದಕ್ಕೆ ಶಿರಸ್ತೇದಾರರ ಲಿಖಿತ ಹೇಳಿಕೆ ಲಗತ್ತಾಗಿ ಹೋಗಿ, ಒಪ್ಪಿಗೆಯಾಗಿ ಬಂದಿತ್ತು. ಅವರು ಕಾಗದಕ್ಕೆ ಸಹಿ ಹಾಕಿ, "ಇನ್ನೊಂದು ವರ್ಷ ತಣ್ಣಗಿರು ತಂಗಿ" ಎಂದು ಕೊಟ್ಟರು. ಅಕ್ಕ ಅವರ ಕಾಲು ಮುಟ್ಟಿ, ಕಾಗದ ಎದೆಗೊತ್ತಿಕೊಂಡು ಓಡಿದಳು. ಅವಳ ಚಪ್ಪಲಿಯ ಸದ್ದು ಅಂಗಳದ ತನಕ ಕುಣಿಯುತ್ತ ಹೋಯಿತು.

ನಾನು ಓಡಲಿಲ್ಲ. ಚರ್ಚೆಯಲ್ಲಿ ನಮಗೆ ಕಲಿಸುವುದು ಎದುರಾಳಿ ಏನು ಹೇಳಿದ ಎಂದು ಬರೆದುಕೊಳ್ಳಲು. ಎದುರಾಳಿ ಏನು ಹೇಳಲಿಲ್ಲ ಎಂದು ನಾನು ನೆನಪು ಮಾಡಿಕೊಳ್ಳುತ್ತಿದ್ದೆ. 'ಯಾರು ಮಾಡಿದ್ದು' ಎಂದು ಅಕ್ಕ ಕೇಳಿದ್ದಳು, ಫೋನಿನವನು ಕೇಳಿದ್ದ, ತಹಸೀಲ್ದಾರರು ಕೇಳಿದ್ದರು. ಈ ಮನುಷ್ಯ ಒಂದು ಸಲವೂ ಕೇಳಿರಲಿಲ್ಲ.

ಅವರು ಪೆನ್ನಿನ ಮುಚ್ಚಳ ಹಾಕಿ ತಲೆ ಎತ್ತಿದರು. "ಇನ್ನೇನ ಯವ್ವಾ ವಕೀಲಮ್ಮ?"

"ಒಂದ ಮಾತು ಸಾಹೇಬ್ರ. ಊರ ಮಂದೆಲ್ಲಾ ಮುಟ್ಟಿದ ಕೀಬೋರ್ಡನ್ನ ನಮ್ಮಕ್ಕ ಒಬ್ಬಾಕಿ ಮುಟ್ಟಿಲ್ಲ ಅಂತ ನಿಮಗ ಅಷ್ಟು ಖಾತ್ರಿ ಹೆಂಗ ಇತ್ತು?"